ಸಾಲು ಮುಗಿಯುವ ತನಕ

ಕೋರಿ ಎಂದರೆ ತುಳುವಿನಲ್ಲಿ ಕೋಳಿ. ಇದರಲ್ಲಿ ವಸಂತಿಯ ತಪ್ಪೇನೂ ಇಲ್ಲ, ಅವಳ ಮೇಲಧಿಕಾರಿಯ ತಪ್ಪಂತೂ ಇಲ್ಲವೇ ಇಲ್ಲ. ಹಾಲೆಂಡಿನ ವೂರ್‌ಬರ್ಗಿನ ಆ ವೃದ್ಧರ ಆರೈಕೆ ಮನೆಯ ಮ್ಯಾನೇಜರ್ ಹುಟ್ಟಿದಾಗ ಹೆತ್ತವರು ಡಚ್ಚರಲ್ಲಿ ರೂಢಿಯಿದ್ದ ಕೋರಿ ಎಂಬ ಹೆಸರನ್ನು ಇಟ್ಟರು. ಮುಂದೊಂದು ದಿನ ಮೂಡುಬಿದಿರೆ ಕಡೆಯ ಹೆಂಗಸೊಬ್ಬಳು ಅವಳ ಕೈಕೆಳಗೆ ಕೆಲಸಕ್ಕೆ ಬರುತ್ತಾಳೆ, ಆ ಹೆಸರು ಹಿಡಿದು ಕರೆಯುವಾಗಲೆಲ್ಲ ತುಟಿ ಕಚ್ಚಿಕೊಳ್ಳುತ್ತಾಳೆ ಎಂದು ಅವರಿಗೇನು ಗೊತ್ತು? ಸಂಜೆ ವಸಂತಿ ಮನೆಗೆ ಬಂದು ಕೋಟು ತೆಗೆಯುವ ಮೊದಲೇ ಗಂಡ ತನಿಯಪ್ಪ ಸೋಫಾದಿಂದ, "ಇವತ್ತು ಕೋರಿ ಎಂತ ಹೇಳಿತು?" ಎಂದು ಕೇಳುವುದು ಆ ಮನೆಯ ಪದ್ಧತಿ. "ಕೋರಿಗೆ ರೊಟ್ಟಿ ಸಾಕಾಗ್ಲಿಲ್ಲಂತೆ" ಎಂದು ವಸಂತಿ ಹೇಳುವಳು. ಊರಿನ ಕೋರಿ ರೊಟ್ಟಿ ಊಟದ ಮೇಲಿನ ಹಳಸಿದ ಜೋಕು. ಆದರೂ ಇಬ್ಬರೂ ಪ್ರತಿ ಸಲ ನಗುತ್ತಿದ್ದರು.

ಡಚ್ಚರು ವಸಂತಿಯ ಕೆಲಸಕ್ಕೆ ಇಟ್ಟ ಹೆಸರು ಖಾಸ್ಟ್‌ವ್ರೌ, ಅಂದರೆ ಬಂದವರನ್ನು ಆದರಿಸುವ ಮನೆಯೊಡತಿ. ಹೆಸರಿಗೇನೋ ಒಡತಿ, ಕೆಲಸ ಮಾತ್ರ ಬ್ರೆಡ್ಡಿಗೆ ಬೆಣ್ಣೆ ಹಚ್ಚುವುದು, ಕಾಫಿ ಬಗ್ಗಿಸುವುದು, ಮೇಜು ಒರೆಸುವುದು. ಕಾಫಿಯ ಜೊತೆ ಒಂದೇ ಒಂದು ಬಿಸ್ಕತ್ತು ಕೊಟ್ಟು ತಕ್ಷಣ ಡಬ್ಬಿಯ ಮುಚ್ಚಳ ಹಾಕಬೇಕೆಂಬುದು ಆ ದೇಶದಲ್ಲಿ ಯಾರೂ ಬರೆದಿಡದ ಕಾನೂನು. ವಸಂತಿ ಎರಡು ಕೊಡುತ್ತಿದ್ದಳು. ಕೋರಿ ಈ ವಿಷಯ ಒಂದೆರಡು ಸಲ ಎತ್ತಿದ್ದಳು. ವಸಂತಿ "ಯಾ, ಯಾ" ಎಂದು ತಲೆಯಾಡಿಸಿ ಮರುದಿನವೂ ಎರಡೇ ಕೊಟ್ಟಿದ್ದಳು. ಯಾರಿಗೆ ಬ್ರೆಡ್ಡಿನ ಅಂಚು ಕತ್ತರಿಸಬೇಕು, ಯಾರಿಗೆ ಹಾಲಿನ ಬದಲು ಮಜ್ಜಿಗೆ, ಯಾರನ್ನು ಕಿಟಕಿಗೆ ಬೆನ್ನು ಹಾಕಿ ಕೂರಿಸಿದರೆ ಅಳುತ್ತಾರೆ ಎಂಬುದೆಲ್ಲ ಅವಳಿಗೆ ಬಾಯಿಪಾಠ. ಅವಳ ಡಚ್ ಭಾಷೆ ಅಡುಗೆಮನೆಯಿಂದ ಊಟದ ಮೇಜಿನವರೆಗೆ ಸರಾಗವಾಗಿ ನಡೆಯುತ್ತಿತ್ತು, ಅಲ್ಲಿಂದಾಚೆಗೆ ಕುಂಟುತ್ತಿತ್ತು. ಆ ಮನೆಯ ಹಿರಿಯರಲ್ಲಿ ಹೆಚ್ಚಿನವರು ಮರೆವಿನ ಕಾಯಿಲೆಯವರು, ಅವರ ಮಾತೂ ಹಾಗೆಯೇ ಕುಂಟುತ್ತಿದ್ದುದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ.

ಗಂಡ ತನಿಯಪ್ಪ ಸಮುದ್ರದ ಹೂಳೆತ್ತುವ ಕಂಪನಿಯ ಇಂಜಿನಿಯರು. ಮಂಗಳೂರು ಬಂದರಿನಿಂದ ರಾಟರ್‌ಡ್ಯಾಮಿಗೆ ಬಂದವನು. ಅವನ ಬೆನ್ನಿಗೆ ಬಂದ ವಸಂತಿ ಬೆಳುವಾಯಿಯಿಂದ ತಂದದ್ದು ಎರಡು ಸೂಟ್‌ಕೇಸು ಮತ್ತು ಅಮ್ಮನ ಗಂಟಲು. ಅಮ್ಮ ಊರಿನ ಗದ್ದೆಗಳಲ್ಲಿ ನೇಜಿ, ಅಂದರೆ ಭತ್ತದ ಸಸಿ, ನೆಡುವ ಹೆಂಗಸರಿಗೆ ಹಾಡು ಎತ್ತಿಕೊಡುವವಳು. ಕೆಸರಿನಲ್ಲಿ ಸೊಂಟ ಬಗ್ಗಿಸಿ, ಸಾಲಾಗಿ ನಿಂತು, ಹಿಂದೆ ಹಿಂದೆ ಹೆಜ್ಜೆಯಿಡುತ್ತ ಮಾಡುವ ಕೆಲಸ ಅದು. ಒಬ್ಬಳು ಹಾಡು ಎತ್ತಿದರೆ ಉಳಿದವರೆಲ್ಲ "ಡೆನ್ನ ಡೆನ್ನಾನ" ಎಂದು ಸೊಲ್ಲು ಕೊಡುತ್ತಾರೆ. ಡೆನ್ನ ಎಂಬುದಕ್ಕೆ ಅರ್ಥವೇನೂ ಇಲ್ಲ. ಉಸಿರು ಬಿಡಲು ಒಂದು ದಾರಿ, ಎಲ್ಲರ ಕೈ ಒಟ್ಟಿಗೆ ಕೆಸರಿಗಿಳಿಯಲು ಒಂದು ಗುರುತು, ಅಷ್ಟೆ. ಅಮ್ಮನದು ಒಂದೇ ಕಟ್ಟುನಿಟ್ಟು: ಸಾಲು ಹೋಗಿ ಬದು ಮುಟ್ಟುವ ತನಕ ಹಾಡು ನಿಲ್ಲಿಸಬಾರದು, ಹಾಡು ನಿಲ್ಲುವ ತನಕ ಗಂಜಿಯಿಲ್ಲ. ಅರ್ಧಕ್ಕೆ ಬಿಟ್ಟ ಹಾಡು ಗಂಟಲಲ್ಲೇ ಕೂತು ನಿದ್ದೆ ಕೆಡಿಸುತ್ತದೆ ಎಂದು ಅವಳು ನಂಬಿದ್ದಳು. ಶಾಲೆಗೆ ರಜೆಯಿದ್ದಾಗ ವಸಂತಿಯೂ ಸಾಲಿನ ಕೊನೆಯಲ್ಲಿ ನಿಂತು ನೆಟ್ಟವಳೇ.

ಆ ಗಂಟಲು ಹಾಲೆಂಡಿನಲ್ಲಿ ಒಂದೇ ಒಂದು ಸಲ ವೇದಿಕೆ ಹತ್ತಿತ್ತು. ಕನ್ನಡ ಬಳಗದ ರಾಜ್ಯೋತ್ಸವದ ದಿನ, ಗೆಳತಿಯರ ಒತ್ತಾಯಕ್ಕೆ ಮಣಿದು ವಸಂತಿ ಒಂದು ನಾಟಿ ಹಾಡು ಹಾಡಲು ನಿಂತಳು. ಕಾರ್ಯಕ್ರಮ ನಡೆಸಿಕೊಡುತ್ತಿದ್ದ ಮಹಾಬಲೇಶ್ವರ ಎಂಬ ಮಹಾಶಯರಿಗೆ ಕೈಯಲ್ಲಿ ಮೈಕು ಇದ್ದರೆ ಎದುರಿಗಿರುವುದೆಲ್ಲ ತಡವಾಗುತ್ತಿರುವ ಹಾಗೆಯೇ ಕಾಣುತ್ತದೆ. ಹಾಡು ಗದ್ದೆಯ ನಡುವಿಗೆ ಬಂದಿತ್ತು, ಅಷ್ಟರಲ್ಲಿ ಅವರು ಮುಂದೆ ಬಂದು, "ಸೂಪರ್ ಮೇಡಂ, ಸೂಪರ್! ಫುಲ್ ಫೋಕ್ ಎನರ್ಜಿ! ಟೈಮ್ ಆಗ್ತಾ ಇದೆ, ನೆಕ್ಸ್ಟ್ ಫ್ಯಾಷನ್ ಶೋ" ಎಂದುಬಿಟ್ಟರು. ಜನ ನಕ್ಕರು, ಚಪ್ಪಾಳೆಯನ್ನೂ ತಟ್ಟಿದರು. ವಸಂತಿ ಇಳಿದು ಬಂದು ಕುರ್ಚಿಯಲ್ಲಿ ಕೂತಳು. ಅವಮಾನಕ್ಕಿಂತ ಹೆಚ್ಚಾಗಿ ಅವಳನ್ನು ಕಾಡಿದ್ದು ಬದು ಮುಟ್ಟದೆ ನಿಂತ ಆ ಹಾಡು. ಆಮೇಲೆ ಅವಳು ಹೊರಗೆಲ್ಲೂ ಹಾಡಲಿಲ್ಲ, ಪಾತ್ರೆ ತೊಳೆಯುವಾಗ, ಮೇಜು ಒರೆಸುವಾಗ ಗುನುಗುತ್ತಿದ್ದಳು, ಅದೂ ಮೂಗಿನಲ್ಲಿ.

ಎರಡು ಸಾವಿರದ ಇಪ್ಪತ್ತರ ಮಾರ್ಚ್‌ನಲ್ಲಿ ದೇಶದ ಆರೈಕೆ ಮನೆಗಳ ಬಾಗಿಲು ಹೊರಗಿನವರಿಗೆಲ್ಲ ಮುಚ್ಚಿತು. ಮಕ್ಕಳು, ಮೊಮ್ಮಕ್ಕಳು, ಗಂಡ, ಹೆಂಡತಿ, ಯಾರಿಗೂ ಪ್ರವೇಶವಿಲ್ಲ. ಪಕ್ಕದ ಕಟ್ಟಡದಲ್ಲಿ ರೋಗ ನುಗ್ಗಿ ಹಲವರನ್ನು ತೆಗೆದುಕೊಂಡು ಹೋಗಿತ್ತು. ವಸಂತಿಯ ಕಡೆಯ ಕಟ್ಟಡಕ್ಕೆ ಇನ್ನೂ ಕಾಲಿಟ್ಟಿರಲಿಲ್ಲ, ಎಲ್ಲರೂ ಉಸಿರು ಬಿಗಿ ಹಿಡಿದು ಕೆಲಸ ಮಾಡುತ್ತಿದ್ದರು.

ನೆಲಮಹಡಿಯಲ್ಲಿ ತೋಟದ ಪಕ್ಕದ ಕೋಣೆಯಲ್ಲಿದ್ದವರು ರೂಲೋಫ್. ವಸಂತಿಗೆ ಅವರು ರೂಲೋಫಜ್ಜ. ಉತ್ತರದ ಡ್ರೆಂತೆ ಸೀಮೆಯವರು, ವಯಸ್ಸಾದ ಮೇಲೆ ಮಗಳ ಹತ್ತಿರವಿರಲೆಂದು ಈ ಕಡೆ ಬಂದವರು. ಮರೆವು ಅವರ ಮಾತನ್ನು ಒಂದೊಂದಾಗಿ ಕಿತ್ತುಕೊಂಡಿತ್ತು. ಹೆಂಡತಿ ಯಾಂಚೆ ಹತ್ತಿರದ ಒಂದು ಸಣ್ಣ ಮನೆಯಲ್ಲಿದ್ದರು. ಪ್ರತಿ ಮಧ್ಯಾಹ್ನ ಬಂದು ಗಂಡನಿಗೆ ಬ್ರೆಡ್ಡು ತಿನ್ನಿಸಿ, ಬಾಯಿ ಒರೆಸಿ ಹೋಗುತ್ತಿದ್ದರು. ಬಾಗಿಲು ಮುಚ್ಚಿದ ಮೇಲೆ ಅಜ್ಜ ಊಟ ಬಿಟ್ಟರು. ಹಟವೆಂದಲ್ಲ. ಚಮಚ ಹತ್ತಿರ ತಂದರೆ ಮುಖ ತಿರುಗಿಸಿ, ಮುಗಿಯದ ಕೆಲಸವೇನೋ ಇದೆ ಎನ್ನುವ ಹಾಗೆ ಮೇಜಿನ ಮೇಲೆ ಕೈಯಾಡಿಸುತ್ತಿದ್ದರು. ದಾದಿಯರು ಮುದ್ದು ಮಾಡಿ ನೋಡಿದರು, ಗದರಿ ನೋಡಿದರು, ಒಂದೆರಡು ಗುಟುಕು ಹಾಲು ಒಳಗೆ ಹೋದರೆ ಅದೇ ಹೆಚ್ಚು. ಬಲವಂತ ಮಾಡಿ ತಿನ್ನಿಸುವ ಪದ್ಧತಿ ಅಲ್ಲಿಲ್ಲ. ಹೀಗೇ ಆದರೆ ಅಜ್ಜ ಹೆಚ್ಚು ದಿನ ಉಳಿಯುವುದಿಲ್ಲ ಎಂದು ವೈದ್ಯರು ಯಾಂಚೆಗೆ ಫೋನಿನಲ್ಲಿ ನೇರವಾಗಿಯೇ ಹೇಳಿದರು.

ಯಾಂಚೆ ದಿನವೂ ತೋಟಕ್ಕೆ ಬಂದು ಗಾಜಿನಾಚೆ ನಿಂತು ಕೈಬೀಸುವರು. ಅಜ್ಜ ಅವರನ್ನು ದಾರಿಹೋಕರನ್ನು ನೋಡಿದಂತೆ ನೋಡುವರು. ಒಂದು ದಿನ ಕಸ ಹಾಕಲು ಹೊರಗೆ ಬಂದ ವಸಂತಿಯನ್ನು ಯಾಂಚೆ ದೂರದಿಂದಲೇ ಕರೆದರು.

"ಬಾಗಿಲು ಒಂದಲ್ಲ ಒಂದು ದಿನ ತೆಗೀತಾರೆ. ಅಲ್ಲೀ ತನಕ ಅವನನ್ನ ಉಳಿಸಿಕೊಡ್ತೀಯಾ?"

"ಯಾ" ಎಂದಳು ವಸಂತಿ. ಯಾರು ಏನು ಕೇಳಿದರೂ ಯಾ ಎನ್ನುವುದು ಅವಳ ಚಾಳಿ. ಆದರೆ ಬಿಸ್ಕತ್ತಿನ ಯಾ ಬೇರೆ, ಈ ಯಾ ಬೇರೆ. 

ಆ ಮನೆಗೆ ಮಾರ್ಲೀಸ್ ಎಂಬ ಸಂಗೀತ ಚಿಕಿತ್ಸಕಿ ಒಬ್ಬಳಿದ್ದಳು. ಸಂಗೀತದಿಂದ ಕಾಯಿಲೆಯವರನ್ನು ಉಪಚರಿಸುವುದನ್ನೇ ಓದಿ ಬಂದವಳು, ಕೆಲಸದಲ್ಲಿ ಗಟ್ಟಿಗಿತ್ತಿ. ಹಲವು ಆರೈಕೆ ಮನೆಗಳಿಗೆ ಓಡಾಡುವವಳಾದ್ದರಿಂದ ಅವಳಿಗೂ ಪ್ರವೇಶ ನಿಂತಿತ್ತು. ಅವಳು ಮನೆಯಿಂದಲೇ ಟ್ಯಾಬ್ಲೆಟ್ಟಿಗೆ ಹಳೆಯ ಅಕಾರ್ಡಿಯನ್ ಹಾಡುಗಳನ್ನು ತುಂಬಿಸಿ ಕಳಿಸಿದಳು. ಅದರ ಫಲ ವಸಂತಿ ಕಣ್ಣಾರೆ ಕಂಡಳು. ಮೂಲೆಯ ಅಜ್ಜಿಯೊಬ್ಬರು ಕುರ್ಚಿಯಲ್ಲೇ ಭುಜ ಕುಣಿಸಿದರು. ಯಾರನ್ನೂ ಹತ್ತಿರ ಸೇರಿಸದ ಮುದುಕರೊಬ್ಬರು ಶಾಂತರಾಗಿ ಸ್ನಾನಕ್ಕೆ ಎದ್ದರು. ರೂಲೋಫಜ್ಜ ಮಾತ್ರ ಮೇಜಿನ ಮೇಲೆ ಕೈಯಾಡಿಸುತ್ತ ಇದ್ದಲ್ಲೇ ಇದ್ದರು.

ಹೀಗಿರುವಾಗ ಒಂದು ಬೆಳಗ್ಗೆ ವಸಂತಿ ಅವರ ಮೇಜು ಒರೆಸುತ್ತಿದ್ದಳು. ಮಾಸ್ಕಿನೊಳಗೆ ಎಂದಿನಂತೆ ಮೂಗಿನಲ್ಲಿ ಡೆನ್ನ ಡೆನ್ನಾನ ನಡೆದಿತ್ತು.

"ಡೆನ್ನೆ" ಎಂದರು ಅಜ್ಜ.

ವಸಂತಿಯ ಕೈ ನಿಂತಿತು. ವಾರಗಟ್ಟಲೆ ಒಂದು ಮಾತೂ ಆಡದ ಬಾಯಿ. ಅವಳು ಮತ್ತೆ ಗುನುಗಿದಳು. ಅಜ್ಜ ಅವಳ ಮುಖವನ್ನೇ ನೋಡಿ, ಈ ಸಲ ಇನ್ನೂ ಗಟ್ಟಿಯಾಗಿ, "ಡೆನ್ನೆ!" ಎಂದರು.

ಸೊಲ್ಲು ಕೊಟ್ಟರು! ಬೆಳುವಾಯಿಯ ಗದ್ದೆಯ ಹಾಡಿಗೆ ಡ್ರೆಂತೆಯ ಅಜ್ಜ ಸೊಲ್ಲು ಕೊಟ್ಟರು! ವಸಂತಿ ಹಿಗ್ಗಿ ಹೀರೇಕಾಯಿಯಾದಳು. ಸಿಕ್ಕ ಸಿಕ್ಕ ದಾದಿಯರಿಗೆಲ್ಲ ಹೇಳಿದಳು. ಮಧ್ಯಾಹ್ನದ ಊಟಕ್ಕೆ ಎಲ್ಲರೂ ಸೇರಿದಾಗ ಅಜ್ಜನ ಎದುರು ನಿಂತು, ಮಾಸ್ಕು ಗಲ್ಲಕ್ಕೆ ಇಳಿಸಿ, ಇಷ್ಟು ವರ್ಷ ಅಡಗಿಸಿಟ್ಟ ಗಂಟಲನ್ನು ಪೂರ್ತಿ ಬಿಚ್ಚಿದಳು. ಅಜ್ಜನ ಬೆನ್ನು ನೆಟ್ಟಗಾಯಿತು. "ಡೆನ್ನೆ" ಎಂದರು. ಆಮೇಲೆ ಮೇಜಿನ ಮೇಲೆ ಬೆರಳಿನಿಂದ ಗೆರೆಯೊಂದನ್ನು ಎಳೆದು, ಹುಬ್ಬು ಗಂಟಿಕ್ಕಿ, "ಕ್ರೋಮ್" ಎಂದು ಗದರಿದರು. ಆ ಪದ ಯಾವ ಹಾಡಿನದೆಂದು ವಸಂತಿಗೆ ತಿಳಿಯಲಿಲ್ಲ. ಆದರೂ ಖುಷಿಯಲ್ಲಿ ಮುಂದಿನ ಸಾಲು ಎತ್ತಿದಳು. ಪಕ್ಕದ ಮೇಜಿನವರು ಚಮಚ ಬಡಿಯತೊಡಗಿದರು.

"ವಸಂತಿ! ಸ್ಟಾಪ್!"

ಬಾಗಿಲಲ್ಲಿ ಕೋರಿ ನಿಂತಿದ್ದಳು. ಮುಖ ಕಾಗದದಂತೆ ಬಿಳಿಚಿಕೊಂಡಿತ್ತು. ಮುಚ್ಚಿದ ಕೋಣೆಯಲ್ಲಿ ಗಟ್ಟಿಯಾಗಿ ಹಾಡಿದರೆ ರೋಗ ಹರಡುತ್ತದೆ, ಎಲ್ಲಿಯೋ ಒಂದು ಹಾಡುಗಾರರ ತಂಡಕ್ಕೆ ತಂಡವೇ ಮಲಗಿದೆ, ಮಾಸ್ಕು ಇಳಿಸಿ ಹಾಡುವುದೆಂದರೇನು ಎಂದು ಅವಳು ಹೇಳಿದಳು. ಹಾಡು ಗದ್ದೆಯ ನಡುವೆ ನಿಂತಿತು. ಅಜ್ಜ ಮೇಜು ಗುದ್ದಿದರು, ತಟ್ಟೆ ದೂಡಿದರು. ಒಂದು ತುತ್ತೂ ಒಳಗೆ ಹೋಗಲಿಲ್ಲ.

ಆ ಸಂಜೆ ತನಿಯಪ್ಪನ ಎಂದಿನ ಪ್ರಶ್ನೆಗೆ ವಸಂತಿ ಸಿಡಿದಳು. "ನಿಮ್ಮ ಕೋರಿಗೆ ಕೊಕ್ಕು ಮಾತ್ರ ಇರುವುದು, ಹೃದಯ ಇಲ್ಲ. ಅಲ್ಲಿ ಮಹಾಬಲೇಶ್ವರ, ಇಲ್ಲಿ ಇವಳು. ನನ್ನ ಹಾಡು ಬದು ಮುಟ್ಟಲೇಬಾರದು ಅಂತ ಎಲ್ಲರೂ ಪಣ ತೊಟ್ಟ ಹಾಗೆ ಉಂಟು."

ತನಿಯಪ್ಪ ಎಲ್ಲವನ್ನೂ ಕೇಳಿಸಿಕೊಂಡ. "ಒಂದು ಹೇಳ್ತೇನೆ, ಬೈಬೇಡ ಮಾರಾಯ್ತಿ. ಈ ಸಲ ಕೋರಿ ಹೇಳಿದ್ದು ಸರಿ ಉಂಟು. ನಿನ್ನ ಅಜ್ಜ ಹಸಿವೆಯಲ್ಲಿ ಹೋಗಬಾರದು ಅಂತ ಹಾಡಿದ್ದು ನೀನು. ಆದ್ರೆ ಆ ಹಾಡಿನಿಂದಲೇ ಉಳಿದವರು ಹೋದ್ರೆ ಎಂತ ಮಾಡುವುದು?"

ವಸಂತಿಗೆ ಕೋಪ ಬಂತು, ಏಕೆಂದರೆ ಮಾತು ನಿಜವಾಗಿತ್ತು. ಸ್ವಲ್ಪ ಅತ್ತಳು. ಆಮೇಲೆ ಎದ್ದು ಸಾರಿಗೆ ಒಗ್ಗರಣೆ ಹಾಕಿದಳು. ಮರುದಿನ ಕೋರಿಯ ಕೋಣೆಗೆ ಹೋಗಿ, ತನ್ನದು ತಪ್ಪಾಯಿತು ಎಂದು ಮುರುಕು ಡಚ್ಚಿನಲ್ಲಿ ಹೇಳಿಯೇ ಕೆಲಸಕ್ಕೆ ಇಳಿದಳು. ಅವಳಲ್ಲಿ ನಾನು ಮೆಚ್ಚುವ ಗುಣಗಳಲ್ಲಿ ಇದೂ ಒಂದು: ಸೋತದ್ದು ಗೊತ್ತಾದ ಮೇಲೆ ಮುಖ ಊದಿಸಿಕೊಂಡು ಕೂರುವ ಜಾತಿಯಲ್ಲ.

ಮಧ್ಯಾಹ್ನ ತೋಟದಲ್ಲಿ ಯಾಂಚೆಗೆ ನಡೆದದ್ದನ್ನೆಲ್ಲ ಹೇಳಿದಳು. ಅಜ್ಜ ಹಾಡಿಗೆ ಸೊಲ್ಲು ಕೊಟ್ಟ ಸುದ್ದಿಯನ್ನು ಮಾತ್ರ ಹೆಮ್ಮೆಯಿಂದಲೇ ಹೇಳಿದಳು. "ಡೆನ್ನೆ ಅಂದ್ರು, ಎರಡು ಮೂರು ಸಲ. ಆಮೇಲೆ ಕ್ರೋಮ್ ಅಂದ್ರು."

ಯಾಂಚೆ ಆ ಎರಡು ಪದಗಳನ್ನು ತಮ್ಮಷ್ಟಕ್ಕೇ ಹೇಳಿ ನೋಡಿದರು. ಆಮೇಲೆ ನಗತೊಡಗಿದರು. ನಗುತ್ತ ನಗುತ್ತ ಕಣ್ಣೀರು ಬಂತು, ಕಣ್ಣೀರು ಬಂದ ಮೇಲೂ ನಗು ನಿಲ್ಲಲಿಲ್ಲ.

"ಅಯ್ಯೋ ಮಗಳೇ, ಅದು ಹಾಡಲ್ಲ! ಡೆನ್ನೆ ಅಂದ್ರೆ ಪೈನ್ ಮರ. ನನ್ನ ರೂಲೋಫ್ ಜೀವಮಾನವೆಲ್ಲ ನೆಟ್ಟಿದ್ದು ಅದನ್ನೇ. ಡ್ರೆಂತೆಯ ಬೋಳು ಬಯಲಲ್ಲಿ ಇವತ್ತು ಕಾಡು ಇದ್ಯಲ್ಲ, ಅದರಲ್ಲಿ ಅರ್ಧ ಅವನ ಗ್ಯಾಂಗ್ ನೆಟ್ಟಿದ್ದು. ನೀನು ಸಸಿ ಬೇಕು ಅಂತ ಕೂಗ್ತಾ ಇದ್ದೀ ಅಂದ್ಕೊಂಡಿದ್ದಾನೆ. ಕ್ರೋಮ್ ಅಂದ್ರೆ ಸೊಟ್ಟ. ನಿನ್ನ ಸಾಲು ಸೊಟ್ಟಗಾಗಿದೆಯಂತೆ!"

ವಸಂತಿಯ ಹಿಗ್ಗು ಠುಸ್ಸೆಂದಿತು. ತನ್ನ ಗಂಟಲಿಗೆ ಮರುಳಾದರು ಎಂದುಕೊಂಡರೆ ಅಜ್ಜ ಮೇಸ್ತ್ರಿಯಾಗಿ ತನ್ನನ್ನೇ ಬೈದದ್ದು! ಆದರೆ ಮರುಕ್ಷಣವೇ ಅವಳಿಗೂ ನಗು ಬಂತು, ಏಕೆಂದರೆ ಅವಳು ಹಾಡಿದ್ದೂ ಸಸಿ ನೆಡುವ ಹಾಡೇ. ಅವಳು ಕಾಂಕ್ರೀಟು ಹಾದಿಯ ಮೇಲೆ ಬಗ್ಗಿ, ಹಿಂದೆ ಹೆಜ್ಜೆಯಿಡುತ್ತ, ನೇಜಿ ನೆಡುವ ಕೈಯನ್ನು ತೋರಿಸಿದಳು. ಯಾಂಚೆ ಒಂದು ಕೈಯಲ್ಲಿ ಸನಿಕೆ ಊರಿ ಇನ್ನೊಂದು ಕೈಯಲ್ಲಿ ಸಸಿ ಇಳಿಸುವ, ಕಾಲಲ್ಲಿ ಮಣ್ಣು ತುಳಿಯುವ ಕ್ರಮವನ್ನು ತೋರಿಸಿದರು. ಒಂದೂವರೆ ಮೀಟರು ಅಂತರದಲ್ಲಿ ಇಬ್ಬರು ಹೆಂಗಸರು ಬರಿಗೈಯಲ್ಲಿ ನಾಟಿ ಮಾಡುವುದನ್ನು ಅತ್ತ ಹೋಗುತ್ತಿದ್ದ ಸೈಕಲ್ಲಿನವನೊಬ್ಬ ನೋಡಿಕೊಂಡೇ ಹೋದ.

"ನಮ್ಮಲ್ಲಿ ಸಾಲು ಮುಗಿಯುವ ತನಕ ಗಂಜಿ ಇಲ್ಲ" ಎಂದಳು ವಸಂತಿ, ಸೊಂಟ ಹಿಡಿದುಕೊಂಡು ಏಳುತ್ತ.

"ಅವನೂ ಹಾಗೇ. ಸಾಲು ಮುಗಿಸದೆ ಬ್ರೆಡ್ಡು ಮುಟ್ತಿರಲಿಲ್ಲ. ಗ್ಯಾಂಗಿಗೆ ಊಟ ತರ್ತಿದ್ದ ಹುಡುಗಿ ನಾನೇ. ಸಾಲು ಮುಗಿದಾಗ ನಾನು 'ಸ್ಖಾಫ್ಟೆ' ಅಂತ ಕೂಗಬೇಕು, ಕೆಲಸ ಬಿಡಿ, ಊಟಕ್ಕೆ ಬನ್ನಿ ಅಂತ. ಎಲ್ಲರೂ ಓಡಿ ಬಂದು ತಿನ್ನೋರು. ಇವನು ಮಾತ್ರ ತನ್ನ ಬ್ರೆಡ್ಡು ಮುರಿದು ಅರ್ಧ ನನ್ನ ಕಡೆ ದೂಡಿ, 'ನೀನಿನ್ನೂ ಏನೂ ತಿಂದಿಲ್ಲ' ಅಂದ. ನನ್ನ ಹತ್ತಿರ ಅವನು ಆಡಿದ ಮೊದಲನೇ ಮಾತು."

ಇಬ್ಬರೂ ಒಮ್ಮೆಗೇ ಕಿಟಕಿಯ ಕಡೆ ತಿರುಗಿದರು. ಗಾಜಿನೊಳಗೆ ಅಜ್ಜ ಮೇಜಿನ ಮೇಲೆ ಕೈಯಾಡಿಸುತ್ತ ಕೂತಿದ್ದರು. ಅವರು ಊಟ ಬಿಟ್ಟಿರಲಿಲ್ಲ. ಅವರ ಸಾಲು ಮುಗಿದಿರಲಿಲ್ಲ, ಅಷ್ಟೆ. ಊಟಕ್ಕೆ ಕರೆಯುವ ಹುಡುಗಿ ಬರುವುದನ್ನು ನಿಲ್ಲಿಸಿದ್ದಳು.

ಮಾರ್ಲೀಸಳಿಗೆ ಫೋನು ಹೋಯಿತು. ಅವಳು ಆ ಕಡೆ ಕುರ್ಚಿಯಿಂದ ಎದ್ದೇ ನಿಂತಳೆಂದು ಕಾಣುತ್ತದೆ, ಏನೋ ಬಿದ್ದ ಸದ್ದಾಯಿತು. "ನಾನು ಕಳಿಸಿದ ಹಾಡುಗಳು ಒಂದರ ಹಿಂದೆ ಒಂದು ಬರ್ತಾನೇ ಇರುತ್ತೆ. ಅವರಿಗೆ ಬೇಕಾಗಿದ್ದು ಮುಗಿಯುವ ಹಾಡು" ಎಂದಳು. ಆಮೇಲೆ ಅವಳ ವಿದ್ಯೆಯೆಲ್ಲ ಕೆಲಸಕ್ಕೆ ಬಂತು. ದಿನವೂ ಅದೇ ಹಾಡು, ಅದೇ ಹೊತ್ತಿಗೆ. ಕೊನೆ ಬರುವಾಗ ಲಯ ನಿಧಾನವಾಗಬೇಕು, ಆಗ ಅವರ ಉಸಿರೂ ನಿಧಾನವಾಗಿ ಗಂಟಲು ಸಡಿಲಾಗುತ್ತದೆ, ನುಂಗುವುದು ಸುಲಭ. ಹಾಡು ನಿಂತು ಎರಡು ಉಸಿರಿನ ಮೌನ, ಆಮೇಲೆ ಕರೆ. ಅವಳು ಹೇಳಿದ್ದೆಲ್ಲ ತನ್ನ ಅಮ್ಮ ಕೆಸರಿನಲ್ಲಿ ಮಾಡುತ್ತಿದ್ದುದೇ ಎಂದು ವಸಂತಿಗೆ ಅನ್ನಿಸಿತು. ಆದರೆ ಯಾಕೆ ಹಾಗೆ ಎಂದು ಇವತ್ತೇ ತಿಳಿದದ್ದು.

ಉಳಿದದ್ದು ಕೋರಿ. ಒಳಗೆ ಹಾಡುವ ಹಾಗಿಲ್ಲ ಎಂದು ಅವಳು ಮತ್ತೆ ಹೇಳಿದಳು. "ಒಳಗೆ ಅಲ್ಲ, ತೋಟದಲ್ಲಿ" ಎಂದಳು ವಸಂತಿ. ಅಜ್ಜನ ಕಿಟಕಿಯ ಮೇಲ್ಭಾಗ ಒಳಕ್ಕೆ ವಾಲುವಂಥದ್ದು, ಸಂದಿನಿಂದ ದನಿ ಒಳಗೆ ಹೋಗುತ್ತದೆ. ಕೋರಿ ಹೋಗಿ ಆ ಕಿಟಕಿಯ ಸಂದನ್ನು ನೋಡಿ ಬಂದಳು. "ನೀನು ಹೊರಗಿದ್ದರೆ ಒಳಗೆ ತಿನ್ನಿಸುವವರು ಯಾರು? ನನ್ನ ಹತ್ತಿರ ಕೈ ಖಾಲಿ ಇರುವವರು ಯಾರೂ ಇಲ್ಲ" ಎಂದಳು. ಆಮೇಲೆ ತಾನೇ ಗೌನು ತೊಟ್ಟು, ಕನ್ನಡಕ ಏರಿಸಿ, ಬ್ರೆಡ್ಡಿನ ತಟ್ಟೆ ಹಿಡಿದು ಹೊರಟಳು.

ತಣ್ಣಗೆ ಗಾಳಿ ಬೀಸುತ್ತಿದ್ದ ಏಪ್ರಿಲ್ ಮಧ್ಯಾಹ್ನ. ಏಪ್ರನ್ನಿನ ಮೇಲೆ ಕೋಟು ತೊಟ್ಟು ವಸಂತಿ ಹಾಡು ಎತ್ತಿದಳು. ಯಾಂಚೆ ಒಂದೂವರೆ ಮೀಟರು ಆಚೆ ನಿಂತು ಸೊಲ್ಲು ಕೊಟ್ಟರು: ಡೆನ್ನೆ, ಡೆನ್ನೆ. ತುಳುವಿನ ಹಾಡಿಗೆ ಡಚ್ಚಿನ ಮರ ತಕರಾರಿಲ್ಲದೆ ಕೂತಿತು. ಗಾಜಿನೊಳಗೆ ಅಜ್ಜನ ಕೈ ಮೇಜಿನ ಮೇಲೆ ಸಾಲು ಹಿಡಿದು ಹಿಂದೆ ಹಿಂದೆ ಸರಿಯುತ್ತ ಬಂತು. ಹಾಡು ನಿಧಾನವಾಯಿತು, ಬದು ಹತ್ತಿರವಾಯಿತು, ನಿಂತಿತು. ಹಾಲೆಂಡಿನ ನೆಲದಲ್ಲಿ ವಸಂತಿಯ ಹಾಡೊಂದು ಕೊನೆ ಮುಟ್ಟಿದ್ದು ಅದೇ ಮೊದಲು. ಎರಡು ಉಸಿರಿನ ಮೌನ. ಯಾಂಚೆ ಬಾಯಿಗೆ ಎರಡು ಕೈ ಅಡ್ಡ ಹಿಡಿದು, ಹದಿನಾರರ ಹುಡುಗಿಯ ಗಂಟಲಲ್ಲಿ ಕೂಗಿದರು.

"ಸ್ಖಾಫ್ಟೆ!"

ಅಜ್ಜ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡರು. ಕೋರಿ ಬ್ರೆಡ್ಡಿನ ತುಂಡು ಹಿಡಿದಳು. ಅಜ್ಜ ಬಾಯಿ ತೆರೆದರು. ಒಂದು ತುತ್ತು, ಇನ್ನೊಂದು, ಆಮೇಲೆ ಮಜ್ಜಿಗೆ. ಹೊರಗೆ ಯಾಂಚೆಯನ್ನು ತಬ್ಬಿಕೊಳ್ಳಲು ವಸಂತಿ ಎರಡು ಹೆಜ್ಜೆ ಮುಂದೆ ಹೋಗಿ, ನೆನಪಾಗಿ, ಪಕ್ಕದ ಮರವನ್ನೇ ತಬ್ಬಿಕೊಂಡಳು.

ಆಮೇಲೆ ಅದೇ ದಿನಚರಿಯಾಯಿತು. ಮಳೆ ಬಂದರೆ ಕೊಡೆ ಹಿಡಿದು ಹಾಡಿದರು. ಹಾಡಿನ ಹೊತ್ತಿಗೆ ಮೇಲಿನ ಮಹಡಿಯ ಕಿಟಕಿಗಳೂ ಒಂದೊಂದಾಗಿ ತೆರೆದುಕೊಂಡವು. ಅಜ್ಜನ ಕೆನ್ನೆ ತುಸು ತುಂಬಿತು. ಆದರೆ ಗಾಜಿನಾಚೆಯ ಹೆಂಡತಿ ಮಾತ್ರ ಅವರಿಗೆ ಈಗಲೂ ದಾರಿಹೋಕಳೇ. "ಇರಲಿ, ಉಂಡರೆ ಸಾಕು" ಎನ್ನುತ್ತಿದ್ದರು ಯಾಂಚೆ. ಹಾಗೆ ಹೇಳುವಾಗ ಅವರು ಕಿಟಕಿಯ ಕಡೆ ನೋಡುತ್ತಿರಲಿಲ್ಲ.

ಮೇ ತಿಂಗಳಲ್ಲಿ ಒಂದು ಬೆಳಗ್ಗೆ ವಸಂತಿಗೆ ಗಂಟಲು ಕೆರೆಯಿತು. ಪರೀಕ್ಷೆಯಾಗಿ ಉತ್ತರ ಬರುವ ತನಕ ಮನೆಯಲ್ಲೇ ಇರಬೇಕೆಂದು ಕೋರಿ ಫೋನಿನಲ್ಲಿ ಕಟ್ಟಪ್ಪಣೆ ಮಾಡಿದಳು. ವಸಂತಿ ಯಾಂಚೆಗೆ ಫೋನು ಮಾಡಿ, "ಇವತ್ತು ನೀವೇ ಹಾಡು ಎತ್ತಬೇಕು" ಎಂದಳು.

"ನನಗೆ ನಿನ್ನ ಭಾಷೆಯ ಒಂದು ಪದವೂ ಬರೋದಿಲ್ಲ!"

"ಗದ್ದೆಗೆ ಪದ ಬೇಡ. ನಿಮ್ಮ ಬಾಯಿಗೆ ಬಂದದ್ದು ಹೇಳಿ. ಆದ್ರೆ ಅರ್ಧಕ್ಕೆ ಬಿಡಬೇಡಿ."

ಊಟದ ಹೊತ್ತಿಗೆ ಯಾಂಚೆ ತೋಟದಲ್ಲಿ ನಿಂತು, ಫೋನಿನ ಸ್ಪೀಕರ್ ಹಾಕಿ ಶುರುಮಾಡಿದರು. ಬಾಯಿಗೆ ಬಂದದ್ದು ಊರುಗಳ ಹೆಸರು, ಗಂಡನ ಗ್ಯಾಂಗು ನೆಟ್ಟುಕೊಂಡು ಹೋದ ಊರುಗಳು: ಆಸ್ಸನ್, ರೋಲ್ಡೆ, ಬೋರ್ಹರ್, ಓಡೋರ್ನ್. ಫೋನಿನ ಈ ಕಡೆ ಅಡುಗೆಮನೆಯಿಂದ ವಸಂತಿ ಸೊಲ್ಲು ಕೊಟ್ಟಳು. ಊಟದ ಮೇಜಿನಲ್ಲಿ ಆನ್‌ಲೈನ್ ಮೀಟಿಂಗಿನಲ್ಲಿದ್ದ ತನಿಯಪ್ಪ ಮೈಕು ಮುಚ್ಚುವುದನ್ನು ಮರೆತು ತಾನೂ ದನಿಗೂಡಿಸಿದ. ಕಂಪ್ಯೂಟರಿನೊಳಗಿಂದ ಡಚ್ ಸಹೋದ್ಯೋಗಿ, "ಯಾವ ಪೈನ್ ಮರ?" ಎಂದು ಕೇಳಿದ. ಅವತ್ತೂ ಅಜ್ಜ ಉಂಡರು. ಎರಡು ದಿನದ ಮೇಲೆ ಬಂದ ಉತ್ತರದಲ್ಲಿ ವಸಂತಿಗೆ ರೋಗವಿರಲಿಲ್ಲ.

ಮೇ ಕೊನೆಗೆ ಬಾಗಿಲು ತೆರೆಯುವ ಅಪ್ಪಣೆ ಬಂತು, ಒಬ್ಬ ಹಿರಿಯರಿಗೆ ಒಬ್ಬರೇ ಭೇಟಿಗಾರರು. ಮೊದಲ ದಿನದ ಮೊದಲ ಹೆಸರು ಯಾಂಚೆಯದು. ಊಟದ ಹೊತ್ತಿಗೇ ಬಂದರು. ಸದಾ ಒಪ್ಪವಾಗಿರುತ್ತಿದ್ದ ಕೂದಲು ಬೆಳೆದು ಹೆಗಲಿಗೆ ಬಿದ್ದಿತ್ತು, ಮುಖದ ಮೇಲೆ ಮಾಸ್ಕು. ಅಜ್ಜನ ಉದ್ದನೆಯ ಮೇಜಿನ ಈ ತುದಿಗೆ ಅವರನ್ನು ಕೂರಿಸಿ, ಆ ತುದಿಯಲ್ಲಿ ಅಜ್ಜನ ಪಕ್ಕ ಕೋರಿ ತಟ್ಟೆ ಹಿಡಿದು ನಿಂತಳು.

"ರೂಲೋಫ್" ಎಂದರು ಯಾಂಚೆ.

ಅಜ್ಜ ತಲೆ ಬಾಗಿಸಿ, ಪರಿಚಯವಿಲ್ಲದ ಹೆಂಗಸರಿಗೆ ಹೇಳುವ ಮರ್ಯಾದೆಯಲ್ಲಿ, "ನಮಸ್ಕಾರ ಮೆವ್ರೌ" ಎಂದರು.

ತೋಟದಲ್ಲಿ ನಿಂತಿದ್ದ ವಸಂತಿಗೆ ಕಿಟಕಿಯ ಸಂದಿನಿಂದ ಅದು ಕೇಳಿಸಿತು. ಯಾಂಚೆಯ ಬೆನ್ನು ಕುಸಿದದ್ದೂ ಕಂಡಿತು.  ಉಳಿಸಿಕೊಡು ಎಂದು ಆ ಅಜ್ಜಿ ಕೇಳಿದ್ದು ತಮ್ಮನ್ನು ಗುರುತಿಸುವ ಗಂಡನನ್ನು, ಬರೀ ಜೀವವನ್ನಲ್ಲ ಎಂದು ಅವಳಿಗೆ ಆಗ ಹೊಳೆಯಿತು. ಮಾಡಲು ತನ್ನ ಕೈಯಲ್ಲಿದ್ದದ್ದು ಒಂದೇ. ಹಾಡು ಎತ್ತಿದಳು.

ಮೊದಲ ಸಾಲು ಮುಗಿದು ಸೊಲ್ಲಿನ ಜಾಗ ಬಂತು. ಇಷ್ಟು ದಿನ ಅಲ್ಲಿ ಯಾಂಚೆಯಿದ್ದರು. ಒಳಗೆ ಹಾಡುವ ಹಾಗಿಲ್ಲ, ಹಾಡಲು ಅವರಿಗೆ ದನಿಯೂ ಉಳಿದಿರಲಿಲ್ಲ. ಜಾಗ ಖಾಲಿ ಬಿತ್ತು. ಆ ಖಾಲಿಯಲ್ಲಿ, ಮೆಲ್ಲಗೆ, ಅಜ್ಜನೇ "ಡೆನ್ನೆ" ಎಂದರು.

ವಸಂತಿ ಎರಡನೇ ಸಾಲು ಎತ್ತಿದಳು. ಅಜ್ಜ ಸೊಲ್ಲು ಕೊಟ್ಟರು. ಮೂರನೆಯದಕ್ಕೂ ಕೊಟ್ಟರು. ಅವರ ಕೈ ಸಸಿ ನೆಡುತ್ತ ಮೇಜಿನುದ್ದಕ್ಕೂ ಬಂತು. ಹಾಡು ನಿಧಾನವಾಗಿ ಬದು ಮುಟ್ಟಿ ನಿಂತಿತು. ಎರಡು ಉಸಿರಿನ ಮೌನ. ಕೂಗಬೇಕಾದವರು ಒಳಗೆ ಅಳುತ್ತಿದ್ದಾರೆ, ಇವತ್ತು ತಾನೇ ಕೂಗುವುದೆಂದು ವಸಂತಿ ಬಾಯಿ ತೆರೆದಳು.

ಅಷ್ಟರಲ್ಲಿ ಅಜ್ಜ ಅಂಗೈ ಒರೆಸಿಕೊಂಡು, ಕೋರಿಯ ಕೈಯ ತಟ್ಟೆಯಿಂದ ಬ್ರೆಡ್ಡು ತಾವೇ ತೆಗೆದುಕೊಂಡು ಮುರಿದರು. ಅರ್ಧವನ್ನು ಮೇಜಿನ ಮೇಲಿಟ್ಟು ಈ ತುದಿಗೆ ದೂಡಿದರು.

"ಸ್ಖಾಫ್ಟೆ, ಯಾಂಚೆ" ಎಂದರು. "ನೀನಿನ್ನೂ ಏನೂ ತಿಂದಿಲ್ಲ."

ಒಂದೇ ತಟ್ಟೆಯದನ್ನು ಇಬ್ಬರು ಮುಟ್ಟಬಾರದು, ಭೇಟಿಗಾರರು ಮಾಸ್ಕು ತೆಗೆಯಬಾರದು. ಆ ನಿಯಮಗಳನ್ನೆಲ್ಲ ಬಾಗಿಲಿಗೆ ಅಂಟಿಸಿದ್ದು ಕೋರಿಯೇ. ಅವಳು ಮುಖ ತಿರುಗಿಸಿ ಕಿಟಕಿಯ ಹೊರಗೆ, ವಸಂತಿಯ ಕಡೆ, ನೋಡುತ್ತ ನಿಂತಳು. ಅವಳ ಹಿಂದೆ ಯಾಂಚೆ ಮಾಸ್ಕು ಇಳಿಸಿ ಬ್ರೆಡ್ಡು ತಿಂದರು.

ಸಂಜೆ ವಸಂತಿ ಮನೆಗೆ ಬಂದಾಗ ತನಿಯಪ್ಪ ಸೋಫಾದಿಂದಲೇ ಕೇಳಿದ. "ಇವತ್ತು ಕೋರಿ ಎಂತ ಹೇಳಿತು?"

ವಸಂತಿ ಕೋಟು ತೆಗೆದು ಗೂಟಕ್ಕೆ ಹಾಕಿದಳು.

"ಎಂತದೂ ಹೇಳ್ಲಿಲ್ಲ" ಎಂದಳು. "ಕೂತು ಕಾಫಿ ಕುಡಿ ಅಂತ ನನಗೇ ಕಾಫಿ ಬಗ್ಗಿಸಿ ಕೊಟ್ಟಳು. ಎರಡು ಬಿಸ್ಕತ್ತು ಇಟ್ಟಿದ್ದಳು."